ವೀರಗಲ್ಲಿಗೆ, ಗುಡಿಗೆ, ಸಣ್ಣ ಮ್ಯೂಸಿಯಂಗೆ 3ಡಿ, ಎಆರ್, ವಿಆರ್ ಮಾಡೋದು ಹೇಗೆ? ಫೋನಿಂದಲೇ ಶುರು ಮಾಡೋರಿಗೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ ಆತಕೂರು ಶಾಸನದ ಬಗ್ಗೆ ಕೇಳಿರ್ತೀರ. ಕ್ರಿ.ಶ. 949-50ರದ್ದು, ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಅಂತ ಗಂಗರ ಇಮ್ಮಡಿ ಬೂತುಗ ತನ್ನ ಸೇವಕ ಮಣಲೆರನ್ನ ಮೆಚ್ಚಿ ಏನು ಬೇಕು ಅಂತ ಕೇಳಿದ್ರೆ, ಮಣಲೆರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿನ. ಆ ನಾಯಿ ಆಮೇಲೆ ಒಂದು ದೊಡ್ಡ ಕಾಡುಹಂದಿ ಮೇಲೆ ಬಿದ್ದು ಕಾದಾಡಿ ಎರಡೂ ಸತ್ತವು, ನಾಯಿ ನೆನಪಿಗೆ ಮಣಲೆರ ಕಲ್ಲು ನಿಲ್ಲಿಸಿದ. ನಾಯಿ ಹಂದಿ ಎರಡೂ ಕಲ್ಲಲ್ಲಿ ಕೆತ್ತಿವೆ, ಕಥೆನೂ ಅಲ್ಲೇ ಬರೆದಿದೆ. ಆದ್ರೆ ಹಳಗನ್ನಡ ಓದೋಕೆ ಬರದೇ ಇರೋರಿಗೆ ಅದು ಗೋಡೆಗೆ ಒರಗಿರೋ ಇನ್ನೊಂದು ಕಲ್ಲು ಅಷ್ಟೇ. ಯಾವ ಮ್ಯೂಸಿಯಂಗೆ ಹೋದ್ರೂ ಹಿಂಗೇ, ಶಾಸನ ವೀರಗಲ್ಲುಗಳ ಮುಂದೆ ಜನ ನಿಲ್ಲೋದು ಕಡಿಮೆ.

3ಡಿ, ಎಆರ್, ವಿಆರ್ ಅಂತ ಏನೇನು ಬಂದಿದೆಯೋ ಅದೆಲ್ಲ ಕೆಲಸಕ್ಕೆ ಬರೋದು ಇಲ್ಲೇ. ಎಆರ್ ಅಂದ್ರೆ ಫೋನ್ ಕ್ಯಾಮೆರಾದಲ್ಲಿ ಕಾಣೋ ನಿಜವಾದ ಜಾಗದ ಮೇಲೆ ಚಿತ್ರ ಸೇರಿಸಿ ತೋರಿಸೋದು, ವಿಆರ್ ಅಂದ್ರೆ ಹೆಡ್‌ಸೆಟ್ ಹಾಕ್ಕೊಂಡು ಬೇರೆ ಜಾಗದೊಳಗೇ ಹೋದಂಗೆ ನೋಡೋದು. ಜನ ಆ ಕಲ್ಲಿನ ಮುಂದೆ ಇನ್ನೊಂದೆರಡು ನಿಮಿಷ ಜಾಸ್ತಿ ನಿಂತ್ರೆ, ಫೋನ್ ಇಟ್ಟು ಮತ್ತೆ ಕಲ್ಲನ್ನೇ ನೋಡಿದ್ರೆ ಕೆಲಸ ಆಯ್ತು ಅಂತ ಲೆಕ್ಕ. ಈ ಗೈಡ್ ಬರೀತಿರೋದು ಜಿಲ್ಲಾ ಮ್ಯೂಸಿಯಂ ನೋಡ್ಕೊಳ್ಳೋರಿಗೆ, ಊರಿನ ಗುಡಿ ಟ್ರಸ್ಟಿನೋರಿಗೆ, ಹಿಸ್ಟರಿ ಮೇಷ್ಟ್ರುಗಳಿಗೆ, ಕಾಲೇಜು ಹುಡುಗ್ರಿಗೆ. ದೊಡ್ಡ ಬಜೆಟ್ ಬೇಕಾಗಿಲ್ಲ, ತಾಳ್ಮೆ ಮಾತ್ರ ಬೇಕು.

ಮೊದಲು ಏನು ಕಾಣಿಸ್ತಿಲ್ಲ ಅಂತ ಬರ್ಕೊಳ್ಳಿ

ತುಂಬಾ ಕಡೆ ಶುರುವಾಗೋದೇ "ಒಂದು ವಿಆರ್ ಹಾಕ್ಸೋಣ, ಎಷ್ಟಾಗುತ್ತೆ" ಅನ್ನೋದ್ರಿಂದ. ಹಂಗೆ ಶುರು ಮಾಡಿದ್ರೆ ಕೊನೆಗೆ ಒಂದು ಹೆಡ್‌ಸೆಟ್ಟು, ಒಂದು ತಿರುಗೋ ಗ್ರಾಫಿಕ್ಸು ಉಳಿಯುತ್ತೆ, ಜಾಗದ ಬಗ್ಗೆ ಯಾರಿಗೂ ಏನೂ ಗೊತ್ತಾಗಲ್ಲ. ಅದ್ರ ಬದಲು ಒಂದು ಹಾಳೆ ತಗೊಂಡು, ಇಲ್ಲಿಗೆ ಬಂದೋರಿಗೆ ಕಣ್ಣಿಗೆ ಕಾಣದೇ ಇರೋದು ಏನು ಅಂತ ಬರೀರಿ. ಒಂದೊಂದು ಜಾಗದಲ್ಲೂ ಉತ್ತರ ಬೇರೆ ಬೇರೆ ಇರುತ್ತೆ, ಆ ಉತ್ತರ ನೋಡಿ ಟೆಕ್ನಾಲಜಿ ಆರಿಸ್ಕೊಳ್ಳಿ.

ಹಂಪಿ ರಾಜಾಂಗಣ ನೋಡಿ. ಅಲ್ಲಿರೋದು ಬರೀ ಜಗತಿಗಳು, ಅಂದ್ರೆ ಕಲ್ಲಿನ ಕಟ್ಟೆಗಳು, ಮೇಲಿದ್ದ ಮರದ ಕಟ್ಟಡ ಒಂದೂ ಉಳಿದಿಲ್ಲ. ಅಲ್ಲಿ ಬೇಕಾಗಿರೋದು ಪುನರ್‌ರಚನೆ, ಅಂದ್ರೆ ಫೋನ್ ಎತ್ತಿ ಹಿಡಿದ್ರೆ ಕಂಬ ಚಾವಣಿ ಮೇಲೇಳೋ ಥರದ್ದು. ಹಳೇಬೀಡಿನ ಗೋಡೆಯಲ್ಲಿ ಏನೂ ಕಳೆದಿಲ್ಲ ಅಂತಲ್ಲ, ಆದ್ರೆ ಮುಖ್ಯ ತೊಂದರೆ ಬೇರೆ, ಇರೋದೇ ಅಷ್ಟೊಂದು ಇದೆ, ಕಣ್ಣು ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ, ಅಲ್ಲಿ ಬೇಕಾಗಿರೋದು ಹತ್ತಿರದಿಂದ ತೋರಿಸೋ 3ಡಿ ಮಾಡೆಲ್ಲು ಮತ್ತೆ ಒಳ್ಳೆ ದನಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ 1780ರ ಪೊಲ್ಲಿಲೂರು ಯುದ್ಧದ ಭಿತ್ತಿಚಿತ್ರ ಇದೆ, ಗೋಡೆ ತುಂಬಾ ನೂರಾರು ಆಕೃತಿಗಳು, ಇಂಥದ್ದಕ್ಕೆ 3ಡಿ ಬೇಡವೇ ಬೇಡ, ಹೈ ರೆಸಲ್ಯೂಷನ್ ಫೋಟೋ ಜೋಡಿಸಿ ಝೂಮ್ ಮಾಡೋ ಹಂಗೆ ಒಂದು ಟಚ್‌ಸ್ಕ್ರೀನ್‌ನಲ್ಲಿ ಇಟ್ರೆ ಸಾಕು. ಮೇಲಿನ ಮೆಟ್ಟಿಲು ಹತ್ತೋಕೆ ಆಗದ ವಯಸ್ಸಾದೋರು, ವೀಲ್‌ಚೇರ್‌ನಲ್ಲಿ ಬರೋರು ಇದ್ರೆ 360 ಡಿಗ್ರಿ ಫೋಟೋ ಟೂರ್ ಬೇಕು, ಅದನ್ನ ಮೊದಲು ಮಾಡಿ ಅಂತ ನಾನು ಹೇಳೋದು, ಯಾಕಂದ್ರೆ ಅದಕ್ಕೆ ಖರ್ಚು ಕಡಿಮೆ, ಉಪಯೋಗ ನಿಜವಾದ್ದು.

ಇನ್ನು ವೀರಗಲ್ಲು, ಶಾಸನ. ನಮ್ಮ ರಾಜ್ಯದಲ್ಲಿ ಊರೂರಿಗೂ ಇದೆ, ಕೆರೆ ಏರಿ ಮೇಲೆ, ಗುಡಿ ಹಿಂದೆ, ಹೊಲದ ಬದುವಿನಲ್ಲಿ. ರಸ್ತೆ ಅಗಲ ಮಾಡುವಾಗ, ಮನೆ ಕಟ್ಟುವಾಗ ಮೊದಲು ಹೋಗೋದೂ ಇವೇ. ಅದಕ್ಕೇ ಈ ಗೈಡ್‌ನಲ್ಲಿ ಉದಾಹರಣೆಗೆ ಕಲ್ಲನ್ನೇ ಇಟ್ಕೊಂಡಿದೀನಿ, ಒಂದು ಕಲ್ಲು ಸರಿಯಾಗಿ ಮಾಡೋಕೆ ಬಂದ್ರೆ ಮಿಕ್ಕಿದ್ದೆಲ್ಲ ಅದ್ರ ಮೇಲೆ ಬರುತ್ತೆ. ಬೆಂಗಳೂರಲ್ಲಿ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಸಂಶೋಧನಾ ಸಂಸ್ಥೆಯವರು ನಗರದ ಸುತ್ತಮುತ್ತಲಿನ ಶಾಸನ ಕಲ್ಲುಗಳನ್ನ 3ಡಿ ಸ್ಕ್ಯಾನ್ ಮಾಡೋ ದೊಡ್ಡ ಕೆಲಸ ಮಾಡ್ತಿದ್ದಾರೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು, 8ನೇ ಶತಮಾನದ್ದು, ಅದು ಬೆಳಕಿಗೆ ಬಂದಿದ್ದು 2018ರಲ್ಲಿ, ಅಷ್ಟು ದೊಡ್ಡ ಊರಿನ ನಡುವೆ. ನಿಮ್ಮ ತಾಲೂಕಿನಲ್ಲಿ ಇನ್ನೆಷ್ಟಿರಬಹುದು ಯೋಚನೆ ಮಾಡಿ.

ಕೇಳಿ ಮಾಡಿ

ಪರ್ಮಿಷನ್ ವಿಷಯ ಬೇಗ ಮುಗಿಸ್ತೀನಿ ಆದ್ರೆ ಬಿಡಬೇಡಿ. ಕೇಂದ್ರದ ಪುರಾತತ್ವ ಇಲಾಖೆ, ಅಂದ್ರೆ ಎಎಸ್‌ಐ, ಅದರ ಸ್ಮಾರಕಗಳಿಗೆ 1958ರ ಕಾಯ್ದೆ, ರಾಜ್ಯದ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ. ಎಎಸ್‌ಐ ಜಾಗಗಳಲ್ಲಿ ಕೈಯಲ್ಲಿ ಹಿಡಿದು ಫೋಟೋ ತೆಗೆಯೋದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ, ಟ್ರೈಪಾಡ್, ಲೈಟು, ಡ್ರೋನು ಅಂದ ತಕ್ಷಣ ಬರವಣಿಗೆಯಲ್ಲಿ ಅನುಮತಿ ಬೇಕು. ಡ್ರೋನ್‌ಗೆ 2021ರ ಡ್ರೋನ್ ನಿಯಮಗಳೂ ಸೇರ್ಕೊಳ್ಳುತ್ತೆ. ಅರ್ಜಿಯಲ್ಲಿ ಯಾವ ಕಲ್ಲು, ಎಷ್ಟು ಗಂಟೆ, ಏನು ಸಾಮಾನು, ಫೈಲ್ ಕೊನೆಗೆ ಯಾರ ಹತ್ರ ಇರುತ್ತೆ ಅಂತ ಬರೆದ್ರೆ ಉತ್ತರ ಬೇಗ ಬರುತ್ತೆ.

ಊರಿನ ಕಲ್ಲಾದ್ರೆ ಊರಿನೋರನ್ನ ಕೇಳಿ. ಎಷ್ಟೋ ವೀರಗಲ್ಲಿಗೆ ಇವತ್ತಿಗೂ ಪೂಜೆ ನಡೆಯುತ್ತೆ, ಎಣ್ಣೆ ಹಚ್ಚಿರ್ತಾರೆ, ಕುಂಕುಮ ಅರಿಶಿನ ಗಟ್ಟಿಯಾಗಿ ಕೂತಿರುತ್ತೆ. ಅದನ್ನ ಕೆರೆದು ತೆಗೆಯೋಕೆ ಹೋಗಬೇಡಿ, ಅಕ್ಷರ ಕಾಣ್ಲಿ ಅಂತ ಚಾಕ್‌ಪೀಸ್ ತಿಕ್ಕೋದು, ಸುಣ್ಣ ಬಳಿಯೋದು, ತಂತಿ ಬ್ರಷ್ ಹಾಕೋದು ಯಾವುದೂ ಬೇಡ. ಒಣಗಿದ ಎಲೆ, ಧೂಳು ಇದ್ರೆ ಮೆತ್ತನೆ ಬ್ರಷ್‌ನಲ್ಲಿ ಒರೆಸಿ ಸಾಕು. ಅರ್ಧ ಹೂತಿರೋ ಕಲ್ಲನ್ನ ನೀವೇ ಅಗೆಯಬೇಡಿ, ಇಲಾಖೆಗೆ ತಿಳಿಸಿ, ಕಾಣೋಷ್ಟನ್ನ ಮಾತ್ರ ಸ್ಕ್ಯಾನ್ ಮಾಡಿ. ಊರಿನ ಹಿರಿಯರ ಹತ್ರ ಕೂತು ಆ ಕಲ್ಲಿಗೆ ಏನಂತ ಕರೀತಾರೆ, ಯಾವ ಹಬ್ಬಕ್ಕೆ ಎಡೆ ಇಡ್ತಾರೆ ಅಂತ ಕೇಳಿ ರೆಕಾರ್ಡ್ ಮಾಡ್ಕೊಳ್ಳಿ, ಆಮೇಲೆ ನಿಮ್ಮ 3ಡಿ ಮಾಡೆಲ್‌ಗಿಂತ ಆ ದನಿಯೇ ದೊಡ್ಡ ಆಸ್ತಿ ಆಗುತ್ತೆ.

ಫೋಟೋ ತೆಗೆಯೋದು (ಇಲ್ಲಿ ನಿಧಾನಕ್ಕೆ ಓದಿ)

3ಡಿ ಮಾಡೋ ವಿಧಾನದ ಹೆಸರು ಫೋಟೋಗ್ರಾಮೆಟ್ರಿ. ಒಂದೇ ವಸ್ತುವನ್ನ ಬೇರೆ ಬೇರೆ ಜಾಗದಿಂದ ತೆಗೆದ ನೂರಾರು ಫೋಟೋ ಕೊಟ್ರೆ ಸಾಫ್ಟ್‌ವೇರ್ ಎಲ್ಲಾ ಫೋಟೋದಲ್ಲೂ ಸಮಾನವಾಗಿರೋ ಚುಕ್ಕೆಗಳನ್ನ ಹುಡುಕಿ ಕ್ಯಾಮೆರಾ ಎಲ್ಲೆಲ್ಲಿತ್ತು ಅಂತ ಲೆಕ್ಕ ಹಾಕಿ ಆ ಚುಕ್ಕೆಗಳನ್ನ ಜಾಗದಲ್ಲಿ ಕೂರಿಸುತ್ತೆ. ಹಾಗಾಗಿ ನಿಮ್ಮ ಕೆಲಸ ಏನಪ್ಪಾ ಅಂದ್ರೆ ಆ ಚುಕ್ಕೆಗಳು ಕಳೆದುಹೋಗದ ಹಂಗೆ ನೋಡ್ಕೊಳ್ಳೋದು, ಅಷ್ಟೇ.

ಬೆಳಕು ಮೊದಲು. ಮೋಡ ಕವಿದ ದಿನ ಇದಕ್ಕೆ ಅತ್ಯುತ್ತಮ. ಬಿಸಿಲಿದ್ರೆ ನೆರಳು ಕಲ್ಲಿನ ಮೇಲೆ ಬಣ್ಣದ ಹಂಗೆ ಅಂಟ್ಕೊಂಡು ಬಿಡುತ್ತೆ, ಆಮೇಲೆ ವಿಆರ್‌ನಲ್ಲಿ ನೀವು ಎಲ್ಲಿಂದ ಬೆಳಕು ಹಾಕಿದ್ರೂ ಆ ನೆರಳು ಹೋಗಲ್ಲ. ಬೇಸಿಗೆಯಾದ್ರೆ ಸೂರ್ಯ ಹುಟ್ಟೋಕೆ ಮುಂಚಿನ ಅರ್ಧ ಗಂಟೆ, ಇಲ್ಲಾ ಇಬ್ಬರು ಬಿಳಿ ಪಂಚೆ ಅಗಲವಾಗಿ ಹಿಡ್ಕೊಂಡು ನಿಂತ್ರೆ ನೆರಳು ಮಾಡಬಹುದು. ಫ್ಲ್ಯಾಶ್ ಬೇಡ.

ಫೋನ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಪೋಷರ್, ಫೋಕಸ್ ಎರಡೂ ಲಾಕ್ ಮಾಡಿ, ವೈಡ್ ಲೆನ್ಸಿಂದ ನಾರ್ಮಲ್ ಲೆನ್ಸಿಗೆ ಅಂತ ಮಧ್ಯದಲ್ಲಿ ಬದಲಾಯಿಸಬೇಡಿ, ಡಿಜಿಟಲ್ ಝೂಮ್ ಬೇಡ, ಪೋರ್ಟ್ರೇಟ್ ಮೋಡ್ ಅಂತೂ ಬೇಡವೇ ಬೇಡ. ಕಲ್ಲಿನ ಸುತ್ತ ಒಂದು ಸುತ್ತು ಎದೆ ಎತ್ತರದಲ್ಲಿ, ಇನ್ನೊಂದು ಮಂಡಿ ಎತ್ತರದಲ್ಲಿ, ಮತ್ತೊಂದು ಕೈ ಮೇಲೆತ್ತಿ ಕೆಳಮುಖವಾಗಿ. ಪ್ರತಿ ಫೋಟೋದಲ್ಲೂ ಹಿಂದಿನ ಫೋಟೋದ ಮುಕ್ಕಾಲು ಭಾಗ ಇರಬೇಕು, ಅಂದ್ರೆ ಒಂದು ಪುಟ್ಟ ಹೆಜ್ಜೆ, ಒಂದು ಫೋಟೋ, ಒಂದು ಪುಟ್ಟ ಹೆಜ್ಜೆ, ಒಂದು ಫೋಟೋ. ನಿಂತಲ್ಲೇ ನಿಂತು ಫೋನ್ ಮಾತ್ರ ತಿರುಗಿಸಿದ್ರೆ ಆಳ ಸಿಗಲ್ಲ, ಕಾಲು ಚಲಿಸ್ಲೇಬೇಕು. ಆಳೆತ್ತರದ ಕಲ್ಲಿಗೆ 150ರಿಂದ 300 ಫೋಟೋ ಆಗುತ್ತೆ. ಇದಾದ್ಮೇಲೆ ಅಕ್ಷರ ಇರೋ ಭಾಗಕ್ಕೆ ಅರ್ಧ ಮೀಟರ್ ಹತ್ತಿರ ಹೋಗಿ ಸಾಲು ಸಾಲಾಗಿ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಪ್ರತ್ಯೇಕವಾಗಿ ತೆಗೀರಿ, ಯಾಕಂದ್ರೆ ಅಕ್ಷರದ ಆಳ ಕೆಲವೇ ಮಿಲಿಮೀಟರ್, ದೂರದಿಂದ ತೆಗೆದ್ರೆ ಅದು ಮಾಡೆಲ್‌ನಲ್ಲಿ ಕರಗಿಹೋಗುತ್ತೆ. ದೂರದ ಸುತ್ತಿಗೂ ಹತ್ತಿರದ ಸಾಲಿಗೂ ನಡುವೆ ಮಧ್ಯಮ ದೂರದ ಕೆಲವು ಫೋಟೋ ಬೇಕು, ಇಲ್ಲಾಂದ್ರೆ ಎರಡೂ ಸೇರಲ್ಲ.

ಕಲ್ಲಿನ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟು ಅದೂ ಬರೋ ಹಂಗೆ ತೆಗೀರಿ. ಅಳತೆ ಇಲ್ಲದ ಮಾಡೆಲ್ ನೋಡೋಕೆ ಚೆಂದ, ಸಂಶೋಧನೆಗೆ ನಿಷ್ಪ್ರಯೋಜಕ. ಹಿಂಭಾಗ, ಪಕ್ಕದ ಅಂಚು ಬಿಡಬೇಡಿ, ಪಕ್ಕದ ಅಂಚಿನಲ್ಲೂ ಶಾಸನ ಮುಂದುವರೆದಿರುತ್ತೆ ಎಷ್ಟೋ ಸಲ.

ಹೊಳೆಯೋ ವಸ್ತು ಈ ವಿಧಾನಕ್ಕೆ ಶತ್ರು. ಬೇಲೂರಿನ ಒಳಗಿನ ತಿರುಗಣೆ ಕಂಬಗಳ ಥರ ಪಾಲಿಶ್ ಆದ ಬಳಪದ ಕಲ್ಲು, ಕಂಚಿನ ಮೂರ್ತಿ, ಗಾಜಿನ ಪೆಟ್ಟಿಗೆಯೊಳಗಿನ ನಾಣ್ಯ, ಇವುಗಳಲ್ಲಿ ಬೆಳಕಿನ ಹೊಳಪು ನೀವು ನಡೆದಂಗೆ ತಾನೂ ನಡೆಯುತ್ತೆ, ಸಾಫ್ಟ್‌ವೇರ್‌ಗೆ ಗೊಂದಲ. ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿದ್ರೆ ಸ್ವಲ್ಪ ಸುಧಾರಿಸುತ್ತೆ. ಗಾಜಿನ ಪೆಟ್ಟಿಗೆ ಆದ್ರೆ ಫೋಟೋ ತೆಗೆಯೋದಕ್ಕಾದ್ರೂ ಪೆಟ್ಟಿಗೆ ತೆಗೆಸೋಕೆ ಕ್ಯೂರೇಟರ್‌ನ ಕೇಳಿ, ಅದೇ ವಾಸಿ.

ಇನ್ನು ಸವೆದ ಅಕ್ಷರ. ಇದು ನನಗೆ ತುಂಬಾ ಇಷ್ಟದ ಭಾಗ. ಹಗಲಲ್ಲಿ ನುಣುಪಾಗಿ ಬೋಳಾಗಿ ಕಾಣೋ ಕಲ್ಲಿನ ಮುಂದೆ ರಾತ್ರಿ ನಿಂತು ಒಂದು ಟಾರ್ಚನ್ನ ಕಲ್ಲಿಗೆ ಹೆಚ್ಚುಕಡಿಮೆ ತಾಗೋ ಹಂಗೆ, ಪಕ್ಕದಿಂದ ಓರೆಯಾಗಿ ಹಿಡಿದ್ರೆ, ಒಂದೊಂದು ಗೆರೆಯ ಅಂಚೂ ತನ್ನ ನೆರಳು ಬೀಳಿಸುತ್ತೆ. ಟಾರ್ಚ್ ಎಡಕ್ಕೆ ಇದ್ದಾಗ ನಿಂತ ಗೆರೆಗಳು ಏಳ್ತವೆ, ಮೇಲಕ್ಕೆ ತಂದ್ರೆ ಮಲಗಿದ ಗೆರೆಗಳು ಏಳ್ತವೆ, ಏನೂ ಇಲ್ಲ ಅಂದ್ಕೊಂಡ ಮೊದಲನೇ ಸಾಲಲ್ಲಿ 'ಸ್ವಸ್ತಿ ಶ್ರೀ' ನಿಧಾನಕ್ಕೆ ಕಾಣಿಸ್ಕೊಳ್ಳುತ್ತೆ. ಇದನ್ನೇ ಕ್ರಮವಾಗಿ ಮಾಡಿದ್ರೆ ಅದು ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಷನ್ ಇಮೇಜಿಂಗ್, ಮಾಹಿತಿ ಹಕ್ಕಲ್ಲ) ಅನ್ನೋ ತಂತ್ರ, 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ತಂಡ ಕೊಟ್ಟ ಐಡಿಯಾದಿಂದ ಬೆಳೆದಿದ್ದು. ಕ್ಯಾಮೆರಾನ ಟ್ರೈಪಾಡ್ ಮೇಲೆ ಅಲ್ಲಾಡದ ಹಂಗೆ ನಿಲ್ಲಿಸಿ, ಫ್ರೇಮಿನ ಮೂಲೆಯಲ್ಲಿ ಒಂದು ಹೊಳೆಯೋ ಕಪ್ಪು ಗೋಲಿ ಇಟ್ಟು, ಟಾರ್ಚನ್ನ ಮಾತ್ರ ಕಮಾನಿನಾಕಾರದಲ್ಲಿ ಬೇರೆ ಬೇರೆ ಕೋನಕ್ಕೆ ತರ್ತಾ 40-60 ಫೋಟೋ ತೆಗೆಯೋದು. ಗೋಲಿ ಮೇಲಿನ ಹೊಳಪು ನೋಡಿ ಬೆಳಕು ಎಲ್ಲಿತ್ತು ಅಂತ ಸಾಫ್ಟ್‌ವೇರ್ ಕಂಡ್ಕೊಳ್ಳುತ್ತೆ. ರಿಲೈಟ್ ಅನ್ನೋ ಉಚಿತ ಸಾಫ್ಟ್‌ವೇರ್‌ಗೆ ಕೊಟ್ರೆ, ಆಮೇಲೆ ಸ್ಕ್ರೀನ್ ಮೇಲೆ ಬೆರಳಾಡಿಸಿದಂಗೆಲ್ಲ ಬೆಳಕು ಕಲ್ಲಿನ ಮೇಲೆ ಓಡಾಡುತ್ತೆ. ಮ್ಯೂಸಿಯಂ ಟ್ಯಾಬ್ಲೆಟ್‌ನಲ್ಲಿ ಇದನ್ನ ಇಟ್ರೆ ಮಕ್ಕಳು ತಾವೇ ಅಕ್ಷರ ಹುಡುಕ್ತಾರೆ, ಹೆಡ್‌ಸೆಟ್ಟಿಗಿಂತ ಇದೇ ಒಳ್ಳೆಯ ಅನುಭವ ಅಂತ ನನ್ನ ಗಟ್ಟಿ ಅಭಿಪ್ರಾಯ. ಒದ್ದೆ ಕಾಗದ ಕಲ್ಲಿಗೆ ಬಡಿದು ಮಸಿ ಹಚ್ಚಿ ಅಚ್ಚು ತೆಗೆಯೋ ಹಳೇ ಪದ್ಧತಿಗೆ ಕಲ್ಲನ್ನ ಮುಟ್ಟಲೇಬೇಕಿತ್ತು, ಇದಕ್ಕೆ ಮುಟ್ಟೋದೇ ಬೇಡ.

ಐಫೋನ್ ಪ್ರೊ ಫೋನ್‌ಗಳಲ್ಲಿ 2020ರ 12 ಪ್ರೊ ಇಂದ ಲೈಡಾರ್, ಅಂದ್ರೆ ಲೇಸರ್ ಬೆಳಕಿಂದ ದೂರ ಅಳೆಯೋ ಸೆನ್ಸರ್, ಬರ್ತಿದೆ, ಅದು ಮಂಟಪ, ಅಂಗಳ, ಮೆಟ್ಟಿಲು ಬೇಗ ಅಳೆಯೋಕೆ ಚೆನ್ನಾಗಿದೆ, ಕೆತ್ತನೆಗೆ ಅಕ್ಷರಕ್ಕೆ ಸಾಲಲ್ಲ. ಗಾಸಿಯನ್ ಸ್ಪ್ಲ್ಯಾಟಿಂಗ್ ಅಂತ 2023ರಿಂದ ಎಲ್ಲರೂ ಮಾತಾಡ್ತಿದಾರಲ್ಲ, ಫೋಟೋಗಳಿಂದ ದೃಶ್ಯವನ್ನ ಲಕ್ಷಾಂತರ ಮಸುಕು ಬಣ್ಣದ ಚುಕ್ಕೆಗಳಾಗಿ ಕಟ್ಟೋ ವಿಧಾನ, ನೋಡೋಕೆ ಅದ್ಭುತ, ಮರ, ಬಳ್ಳಿ, ಹೊಳಪು ಎಲ್ಲ ಬರುತ್ತೆ, ಆದ್ರೆ ಅದರ ಮೇಲೆ ನಿಖರವಾಗಿ ಅಳತೆ ತೆಗೆಯೋದು ಕಷ್ಟ, ದಾಖಲೆಗೆ ಫೋಟೋಗ್ರಾಮೆಟ್ರಿನೇ ಇರ್ಲಿ.

ಕಂಪ್ಯೂಟರ್ ಕೆಲಸ

ಹಳೇ ಕಂಪ್ಯೂಟರ್ ಇದ್ರೆ ಪಾಲಿಕ್ಯಾಮ್, ಸ್ಕ್ಯಾನಿವರ್ಸ್, ಕಿರಿ ಎಂಜಿನ್ ಥರದ ಫೋನ್ ಆಪ್‌ಗಳಲ್ಲೇ ಶುರು ಮಾಡಿ. ಒಳ್ಳೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ರೆ ಮೆಶ್‌ರೂಮ್ ಹಾಕ್ಕೊಳ್ಳಿ, ಪೂರ್ತಿ ಉಚಿತ, ಓಪನ್ ಸೋರ್ಸ್. ಮೊದಲು ರಿಯಾಲಿಟಿಕ್ಯಾಪ್ಚರ್ ಅಂತಿದ್ದು ಈಗ ರಿಯಾಲಿಟಿಸ್ಕ್ಯಾನ್ ಆಗಿರೋ ಸಾಫ್ಟ್‌ವೇರ್ ಕೂಡ ಸಣ್ಣ ಸಂಸ್ಥೆಗಳಿಗೆ ಉಚಿತ. ಕಾಲೇಜಿನ ಲ್ಯಾಬ್ ಕೇಳಿ, ರಾತ್ರಿ ಹಾಕಿ ಬಿಟ್ರೆ ಬೆಳಗ್ಗೆ ಮುಗಿದಿರುತ್ತೆ.

ಬರೋ ಮಾಡೆಲ್ ದೊಡ್ಡದಿರುತ್ತೆ, ಲಕ್ಷಗಟ್ಟಲೆ ತ್ರಿಕೋನ, ನೂರಾರು ಎಂಬಿ. ಅದನ್ನ ಹಂಗೇ ಮಾಸ್ಟರ್ ಕಾಪಿ ಅಂತ ಎತ್ತಿಡಿ. ಜನಕ್ಕೆ ತೋರಿಸೋದು ಬೇರೆ ಕಾಪಿ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಡೆಸಿಮೇಟ್ ಮಾಡಿ ತ್ರಿಕೋನ ಕಡಿಮೆ ಮಾಡಿ, ಆದ್ರೆ ಬರೀ ಕಡಿಮೆ ಮಾಡಿದ್ರೆ ಅಕ್ಷರ ಹೋಗುತ್ತೆ, ದೊಡ್ಡ ಮಾಡೆಲ್‌ನ ಉಬ್ಬುತಗ್ಗನ್ನ ನಾರ್ಮಲ್ ಮ್ಯಾಪ್ (ಉಬ್ಬುತಗ್ಗು ಇದ್ದಂಗೆ ಕಾಣಿಸೋ ಚಿತ್ರ) ಆಗಿ ಸಣ್ಣ ಮಾಡೆಲ್ ಮೇಲೆ ಬೇಕ್ ಮಾಡಿ, ಅಂದ್ರೆ ಅಚ್ಚು ಹಾಕಿ, ಆಗ 5-8 ಎಂಬಿ ಜಿಎಲ್‌ಬಿ (ವೆಬ್‌ನಲ್ಲಿ 3ಡಿ ತೋರಿಸೋ ಬಗೆಯ) ಫೈಲ್‌ನಲ್ಲೂ ಅಕ್ಷರ ಓದೋಕೆ ಬರುತ್ತೆ. ಈ ಒಂದು ಹೆಜ್ಜೆ ಕಲಿಯೋಕೆ ಒಂದಷ್ಟು ಸಮಯ ಕೊಡಿ, ಯೂಟ್ಯೂಬ್‌ನಲ್ಲಿ ಪಾಠ ಬೇಕಾದಷ್ಟಿದೆ. ಹಳ್ಳಿ ನೆಟ್‌ವರ್ಕ್‌ನಲ್ಲಿ ನೂರು ಎಂಬಿ ಫೈಲ್ ತೆರ್ಕೊಳ್ಳೋ ತನಕ ಯಾರೂ ಕಾಯಲ್ಲ.

ಕಥೆ ಇಲ್ಲದ 3ಡಿ ಬರೀ ಕಲ್ಲು

ಮಾಡೆಲ್ ಆಯ್ತು, ಈಗ ಅದು ಮಾತಾಡಬೇಕು. ಶಾಸನದ ಪಾಠ, ಅಂದ್ರೆ ಕಲ್ಲಲ್ಲಿರೋ ಬರಹ, ಬೇಕಂದ್ರೆ ಮೊದಲು ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ, ಬಿ.ಎಲ್. ರೈಸ್ ಶುರು ಮಾಡಿದ ಶಾಸನ ಸಂಪುಟಗಳು, ಜಿಲ್ಲೆ ತಾಲೂಕು ಊರಿನ ಪ್ರಕಾರ ಹುಡುಕಬಹುದು. ಅಲ್ಲಿ ಇದ್ರೂ ಹಳಗನ್ನಡ ಗೊತ್ತಿರೋ ಮೇಷ್ಟ್ರೊಬ್ಬರ ಹತ್ರ ಒಂದ್ಸಲ ಓದಿಸಿ, ನಿಮ್ಮ ಆರ್‌ಟಿಐ ಚಿತ್ರ ಅವರಿಗೆ ತೋರಿಸಿ, ಹಳೇ ಓದಿನಲ್ಲಿ ಬಿಟ್ಟ ಅಕ್ಷರ ಸಿಗೋ ಸಾಧ್ಯತೆ ಇರುತ್ತೆ.

ವೀರಗಲ್ಲಿನ ವಿಷಯಕ್ಕೆ ಬಂದ್ರೆ ಒಂದು ಮಾತು ಮುಖ್ಯ. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತೆ, ಓದಬೇಕಾಗಿರೋದು ಕೆಳಗಿಂದ ಮೇಲಕ್ಕೆ. ಕೆಳಗೆ ಕಾಳಗ, ಕೈಯಲ್ಲಿ ಬಿಲ್ಲೋ ಕತ್ತಿಯೋ ಹಿಡಿದ ವೀರ, ತುರುಗೋಳ್ (ದನ ಹಿಡಿದೊಯ್ಯೋ ಕಾಳಗ) ಕಲ್ಲಾದ್ರೆ ಪಕ್ಕದಲ್ಲಿ ದನಗಳ ಸಾಲು. ಮಧ್ಯದಲ್ಲಿ ಅಪ್ಸರೆಯರು ಅವನನ್ನ ಎರಡೂ ಕಡೆ ಹಿಡ್ಕೊಂಡು ಮೇಲೆ ಕರ್ಕೊಂಡು ಹೋಗೋದು. ಮೇಲೆ ಲಿಂಗ, ನಂದಿ, ಕೈ ಮುಗಿದು ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಇದು ಗೊತ್ತಿಲ್ಲದೋರು ಮೇಲಿಂದ ನೋಡ್ತಾರೆ, ದೇವರು, ಹೆಂಗಸರು, ಜಗಳ ಅಂತ ಉಲ್ಟಾ ಕಾಣುತ್ತೆ, ಕಥೆ ಹತ್ತಲ್ಲ. ಹಾಗಾಗಿ ನಿಮ್ಮ ಎಆರ್‌ನಲ್ಲಿ ಮೊದಲು ಕೆಳಗಿನ ಪಟ್ಟಿಕೆ ಮಾತ್ರ ಬೆಳಗಿಸಿ, ಮಿಕ್ಕಿದ್ದು ಮಂಕಾಗಿರ್ಲಿ, ದನಿ ಶುರುವಾಗ್ಲಿ, ಅದು ಮುಗಿದ್ಮೇಲೆ ಮಧ್ಯದ್ದು, ಆಮೇಲೆ ಮೇಲಿನದ್ದು. ಒಟ್ಟು ಒಂದೂವರೆ ನಿಮಿಷ. ನೋಡ್ತಿರೋರ ತಲೆ ತಾನಾಗೇ ಕೆಳಗಿಂದ ಮೇಲಕ್ಕೆ ಏಳುತ್ತೆ, ಇನ್ನೊಂದು ವೀರಗಲ್ಲು ಸಿಕ್ಕಾಗ ಅವರೇ ಮನೆಯೋರಿಗೆ ಓದಿ ಹೇಳ್ತಾರೆ.

ದನಿಗೆ ಊರಿನೋರನ್ನೇ ಕರೀರಿ. ಮಂಡ್ಯದ ಕಲ್ಲಿಗೆ ಮಂಡ್ಯದ ಮಾತು, ಬೀದರಿನ ಕಲ್ಲಿಗೆ ಬೀದರಿನ ಮಾತು. ಶಾಸನದ ಮೂಲ ಸಾಲು ಒಂದೆರಡನ್ನ ಹಳಗನ್ನಡದಲ್ಲೇ ನಿಧಾನಕ್ಕೆ ಓದಿಸಿ, ಸಾವಿರ ವರ್ಷದ ಹಿಂದಿನ ಕನ್ನಡ ಕಿವಿಗೆ ಬೀಳೋದೇ ಒಂದು ರೋಮಾಂಚನ. ಕಂಪ್ಯೂಟರ್ ದನಿ ಹಾಕಬೇಡಿ ದಯವಿಟ್ಟು, ಹಳಗನ್ನಡ ಅದರ ಬಾಯಲ್ಲಿ ಹಾಳಾಗುತ್ತೆ.

ಊಹೆ ಯಾವುದು, ಸಾಕ್ಷಿ ಯಾವುದು

ಕಳೆದುಹೋದ ಕಟ್ಟಡ ಮತ್ತೆ ಕಟ್ಟಿ ತೋರಿಸೋರು ಇದನ್ನ ಗಮನ ಇಟ್ಟು ಓದಬೇಕು. ಹಂಪಿಯ ಮಹಾನವಮಿ ದಿಬ್ಬದ ಮೇಲೆ ಏನಿತ್ತು ಅಂತ ನಮಗೆ ಗೊತ್ತಾಗೋದು ಜಗತಿ ಮೇಲಿನ ಗುರುತುಗಳಿಂದ, ಗೋಡೆ ಕೆತ್ತನೆಯಿಂದ, 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಬರೆದಿಟ್ಟ ವಿವರದಿಂದ. ಕಂಬ ಎಷ್ಟು ಎತ್ತರ, ಬಟ್ಟೆ ಯಾವ ಬಣ್ಣ, ಚಾವಣಿ ಹೆಂಗಿತ್ತು ಅನ್ನೋದ್ರಲ್ಲಿ ಊಹೆ ಬೆರೆಯುತ್ತೆ, ಅದು ತಪ್ಪಲ್ಲ, ಊಹೆ ಅಂತ ಹೇಳದೇ ಇರೋದು ತಪ್ಪು. ವಿಆರ್‌ನಲ್ಲಿ ಒಂದ್ಸಲ ಕಂಡಿದ್ದು ಜನರ ತಲೆಯಲ್ಲಿ ಸತ್ಯ ಆಗಿ ಕೂತ್ಬಿಡುತ್ತೆ. ಲಂಡನ್ ಚಾರ್ಟರ್ ಅಂತ 2009ರ ಒಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ, ಅದು ಕೇಳೋದೂ ಇದನ್ನೇ. ಮಾಡೋದು ಸುಲಭ, ಈಗಲೂ ಇರೋದು ನಿಜ ಬಣ್ಣದಲ್ಲಿ, ಸಾಕ್ಷಿ ಇರೋದು ತಿಳಿ ಬಣ್ಣದಲ್ಲಿ, ಊಹೆ ಬರೀ ಗೆರೆಯಲ್ಲಿ. ಒಂದು ಬಟನ್ ಒತ್ತಿದ್ರೆ ಯಾವುದಕ್ಕೆ ಏನು ಆಧಾರ ಅಂತ ಎರಡು ಸಾಲು ಬರ್ಲಿ. ಗೊತ್ತಿರೋ ಸಂಶೋಧಕರ ಕೈಲಿ ಒಂದ್ಸಲ ನೋಡಿಸದೇ ಬಿಡುಗಡೆ ಮಾಡಬೇಡಿ.

ಜನಕ್ಕೆ ತಲುಪಿಸೋದು

ಆಪ್ ಡೌನ್‌ಲೋಡ್ ಮಾಡಿ ಅನ್ನಬೇಡಿ, ಹತ್ತು ನಿಮಿಷದ ಭೇಟಿಗೆ ಯಾರೂ ಮಾಡ್ಕೊಳ್ಳಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಬ್ರೌಸರ್‌ನಲ್ಲೇ ತೆರ್ಕೊಬೇಕು. ಗೂಗಲ್‌ನವರ ಮಾಡೆಲ್-ವ್ಯೂಅರ್ ಅನ್ನೋ ಉಚಿತ ಕೋಡ್ ಒಂದು ಸಾದಾ ವೆಬ್ ಪೇಜಿಗೆ ಸೇರಿಸಿದ್ರೆ ಸಾಕು, ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಕಲ್ಲನ್ನ ತಿರುಗಿಸಿ ನೋಡಬಹುದು, ಎಆರ್ ಬಟನ್ ಒತ್ತಿದ್ರೆ ಮನೆ ಹಜಾರದಲ್ಲೇ ಪೂರ್ತಿ ಅಳತೆಯ ಕಲ್ಲು ನಿಲ್ಲುತ್ತೆ. ಮ್ಯೂಸಿಯಂಗೆ ಬರೋಕಾಗದ ಶಾಲೆಗಳಿಗೆ ಇದು ವರ. 360 ಟೂರಿಗೆ ಪ್ಯಾನೆಲಮ್ ಇದೆ, ಅದೂ ಉಚಿತ, ಕ್ಯಾಮೆರಾನ ನಿಂತೋರ ಕಣ್ಣಿನ ಎತ್ತರಕ್ಕೆ ಇಡಿ, ಗೇಟು ತೆರೆದ ತಕ್ಷಣ ಜನ ಇಲ್ಲದಾಗ ತೆಗೀರಿ.

ಕ್ಯೂಆರ್ ಬೋರ್ಡನ್ನ ಕಲ್ಲಿಗೆ ಅಂಟಿಸಬೇಡಿ, ಪಕ್ಕದ ಪ್ರತ್ಯೇಕ ಕಂಬಕ್ಕೆ ಹಾಕಿ, ಫೋನ್ ಹಿಡಿದಾಗ ಕಲ್ಲೂ ಎದುರಿಗೇ ಕಾಣಬೇಕು. ದಪ್ಪ ಕಲ್ಲಿನ ಗೋಡೆ ಒಳಗೆ ಸಿಗ್ನಲ್ ಸಿಗಲ್ಲ, ಅಲ್ಲಿ ಒಂದು ಸಣ್ಣ ವೈಫೈ ರೂಟರ್‌ಗೆ ಫೈಲ್ ತುಂಬಿ ಇಂಟರ್ನೆಟ್ ಇಲ್ಲದೇ ಕೊಡಬಹುದು. ಕನ್ನಡ ಮೊದಲು, ಆಮೇಲೆ ಇಂಗ್ಲಿಷ್, ಹಿಂದಿ, ಗಡಿ ಜಿಲ್ಲೆಯಾದ್ರೆ ಮರಾಠಿಯೋ ತೆಲುಗೋ ಸೇರಿಸಿ. ಕಣ್ಣು ಕಾಣದೋರಿಗೆ ಅದೇ 3ಡಿ ಫೈಲ್‌ನಿಂದ ಪ್ರಿಂಟ್ ತೆಗೆಸಿ ಮುಟ್ಟಿ ನೋಡೋಕೆ ಇಡಿ, ಮುಟ್ಟಬೇಡಿ ಅನ್ನೋ ಬೋರ್ಡುಗಳ ಮಧ್ಯೆ ಮುಟ್ಟಿ ಅನ್ನೋದು ಒಂದಾದ್ರೂ ಇರ್ಲಿ.

ಹೆಡ್‌ಸೆಟ್ ಇಡ್ಲೇಬೇಕು ಅಂದ್ರೆ ತಿರುಗೋ ಕುರ್ಚಿ ಮೇಲೆ ಕೂರಿಸಿ, ಮೂರ್ನಾಲ್ಕು ನಿಮಿಷಕ್ಕೆ ಮುಗಿಸಿ, ಒಳಗಿನ ಕ್ಯಾಮೆರಾ ತಾನಾಗೇ ಓಡೋ ಹಂಗೆ ಮಾಡಬೇಡಿ, ತಲೆ ಸುತ್ತೋದು ಅದ್ರಿಂದಾನೇ. ಪ್ರತಿ ಸಲ ಒರೆಸಬೇಕು, ಚಾರ್ಜ್ ಮಾಡಬೇಕು, ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಆ ಒಬ್ಬರ ಸಂಬಳ ಮುಂದಿನ ವರ್ಷಕ್ಕೂ ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ. ಮೆಟಾ ಕ್ವೆಸ್ಟ್ ಥರದ್ದಕ್ಕೆ ಕಂಪನಿಯೇ ಹೇಳೋ ಕನಿಷ್ಠ ವಯಸ್ಸು 10, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಟ್ಯಾಬ್ಲೆಟ್ ಕೊಡಿ. ವಾರಾಣಸಿಯ ಮಾನ್ ಮಹಲ್‌ನಲ್ಲಿ 2019ರಲ್ಲಿ ಮಾಡಿದ ವರ್ಚುವಲ್ ಮ್ಯೂಸಿಯಂ ಥರ ಇಡೀ ಕೋಣೆ ಮಾಡೋದು ಸರ್ಕಾರಿ ಮಟ್ಟದ ಕೆಲಸ, ಅದನ್ನ ನೋಡಿ ಎದೆಗುಂದಬೇಡಿ.

ಬಿಡುಗಡೆಗೆ ಮುಂಚೆ ಒಂದು ಭಾನುವಾರ ಪಕ್ಕದಲ್ಲಿ ಸುಮ್ಮನೆ ನಿಂತ್ಕೊಂಡು ನೋಡಿ. ಯಾರಿಗೂ ಏನೂ ಹೇಳಿಕೊಡಬೇಡಿ. ಎಲ್ಲಿ ಒತ್ತಬೇಕು ಅಂತ ತಡಕಾಡ್ತಾರಾ, ದನಿ ಗದ್ದಲದಲ್ಲಿ ಕೇಳ್ತಿದೆಯಾ, ಮುಗಿದ್ಮೇಲೆ ಕಲ್ಲಿನ ಹತ್ರ ಬಗ್ಗಿ ನೋಡ್ತಾರಾ. ಬಗ್ಗಲಿಲ್ಲ ಅಂದ್ರೆ ಸ್ಕ್ರೀನಲ್ಲಿ ಏನೋ ಜಾಸ್ತಿ ಆಗಿದೆ, ತೆಗೀರಿ.

ಫೈಲ್ ಉಳಿಸೋದು

ಕಲ್ಲು ಸಾವಿರ ವರ್ಷ ಉಳಿದಿದೆ, ಡಿಜಿಟಲ್ ಕಾಪಿ ಐದು ವರ್ಷ ಉಳಿಸೋದೂ ಕಷ್ಟ. ಗೂಗಲ್ ಪಾಲಿ ಅನ್ನೋ 3ಡಿ ತಾಣ 2021ರಲ್ಲಿ ಮುಚ್ಚಿತು, ಅದರ ಮೇಲೆ ನಿಂತಿದ್ದ ಲಿಂಕುಗಳೆಲ್ಲ ಸತ್ತವು. ಅದಕ್ಕೇ ಯಾವುದೇ ಒಂದು ವೆಬ್‌ಸೈಟ್ ನಂಬ್ಕೊಂಡು ಕೂರಬೇಡಿ. ಮೂಲ ಫೋಟೋಗಳು, ಮಾಸ್ಟರ್ ಮಾಡೆಲ್, ಅಳತೆ, ದಿನಾಂಕ, ಜಾಗದ ಜಿಪಿಎಸ್, ಯಾವ ಕ್ಯಾಮೆರಾ, ಯಾರು ಓದಿದ ಪಾಠ, ಇಷ್ಟನ್ನೂ ಒಂದು ಫೋಲ್ಡರ್‌ನಲ್ಲಿ ಹಾಕಿ ಮೂರು ಕಡೆ ಇಡಿ, ಒಂದು ನಿಮ್ಮ ಹತ್ರ, ಒಂದು ಇಲಾಖೆಗೋ ವಿಶ್ವವಿದ್ಯಾಲಯಕ್ಕೋ, ಒಂದು ಆ ಊರಿನ ಶಾಲೆಗೆ. ಪ್ಯಾರಿಸ್‌ನ ನೋತ್ರ್ ದಾಮ್‌ಗೆ 2019ರಲ್ಲಿ ಬೆಂಕಿ ಬಿದ್ದಾಗ, ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಅದಕ್ಕೂ ವರ್ಷಗಳ ಮುಂಚೆ ಮಾಡಿಟ್ಟಿದ್ದ ಲೇಸರ್ ಸ್ಕ್ಯಾನ್ ದುರಸ್ತಿಗೆ ಸಹಾಯಕ್ಕೆ ಬಂತು. ಅವರು ಸ್ಕ್ಯಾನ್ ಮಾಡುವಾಗ ಬೆಂಕಿ ಬೀಳುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು, ಮುಂದಿನ ವರ್ಷ ಮಳೆಗಾಲ ಮುಗಿದ್ಮೇಲೆ ಅದೇ ಕಲ್ಲನ್ನ ಅದೇ ರೀತಿ ಮತ್ತೆ ಸ್ಕ್ಯಾನ್ ಮಾಡಿ. ಕ್ಲೌಡ್‌ಕಂಪೇರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡೂ ವರ್ಷದ ಮಾಡೆಲ್ ಒಂದರ ಮೇಲೊಂದು ಕೂರಿಸಿದ್ರೆ ಎಲ್ಲಿ ಚಕ್ಕೆ ಎದ್ದಿದೆ, ಎಲ್ಲಿ ಬಿರುಕು ಅಗಲ ಆಗಿದೆ ಅಂತ ಬಣ್ಣದಲ್ಲಿ ತೋರಿಸುತ್ತೆ. ಆ ಚಿತ್ರದ ಪ್ರಿಂಟ್ ತೆಗೆದು, ಕಲ್ಲಿಗೆ ಒಂದು ಚಾವಣಿ ಬೇಕು ಅನ್ನೋ ಅರ್ಜಿ ಜೊತೆ ಲಗತ್ತಿಸಿ ಪಂಚಾಯ್ತಿಗೂ ಪುರಾತತ್ವ ಇಲಾಖೆಗೂ ಕೊಡಿ.